ಹೊಲದಾಗ ಕರಗತೈತಿ ಅಂದಿದ್ದ ಹಾಳಿ ಎಲ್ಲಿ ಹೋತು?

ಬಸ್ಸಿನ್ಯಾಗ ಕಿಟಕಿ ಬಾಜೂ ಕುಂತೀರಿ, ಇಲ್ಲಾ ಹೊಲದಾಗ ಕರೆಂಟ್ ಬರೂದನ್ನ ಕಾಯಕತ್ತೀರಿ, ಎಲ್ಲೇ ಇರ್ರಿ, ಒಂದು ಹದಿನೈದು ನಿಮಿಷ ನನಗೆ ಕೊಡ್ರಿ. ಇವತ್ತಿನ ಮಾತು ಪ್ಲಾಸ್ಟಿಕ್ ಬಗ್ಗೆ. ತಾಳ್ರಿ, ಸ್ಕಿಪ್ ಮಾಡಬ್ಯಾಡ್ರಿ. ‘ಪ್ಲಾಸ್ಟಿಕ್ ಬಿಡಿ, ಬಟ್ಟೆ ಚೀಲ ಹಿಡಿಯಿರಿ’ ಅನ್ನೋ ಭಾಷಣ ಇದಲ್ಲ. ಆ ಪ್ರಬಂಧವನ್ನ ಏಳನೇ ಕ್ಲಾಸಿನಲ್ಲೇ ಬರೆದು ನಾವೆಲ್ಲ ಕೈ ತೊಳೆದುಕೊಂಡಿದ್ದೇವೆ. ಇದು ನಾನು ನಮ್ಮಪ್ಪನಿಗೆ ಹಠ ಮಾಡಿ ಕೊಡಿಸಿದ ಮಲ್ಚಿಂಗ್ ಪೇಪರ್ ಕಥೆ.

ಮಲ್ಚಿಂಗ್ ಪೇಪರ್ ಗೊತ್ತಲ್ಲ? ಹೆಸರಿಗೆ ಪೇಪರ್, ಅಸಲಿಗೆ ಪ್ಲಾಸ್ಟಿಕ್. ಮೇಲೆ ಬೆಳ್ಳಿ ಬಣ್ಣ, ಕೆಳಗೆ ಕಪ್ಪು, ಕೂದಲಿಗಿಂತ ತೆಳ್ಳಗಿನ ಹಾಳೆ. ಸಾಲಿನ ಮೇಲೆ ಹಾಸಿ, ತೂತು ಹೊಡೆದು, ಸಸಿ ಹಚ್ಚೋದು. ಕೆಳಗೆ ಡ್ರಿಪ್ ಪೈಪು. ನೀರು ಆವಿಯಾಗೋದು ಕಡಿಮೆ, ಕಸ ಕಡಿಮೆ, ಕಳೆ ತೆಗೆಯೋ ಆಳಿನ ಖರ್ಚು ಕಡಿಮೆ. ಕಲಘಟಗಿ ಕಡೆ ತರಕಾರಿಗೆ, ಕಲ್ಲಂಗಡಿಗೆ ಹಾಕ್ತಾರೆ. ನಮ್ಮ ಕುಂದಗೋಳದ ಕಡೆ ಮೆಣಸಿನಕಾಯಿ ಹೆಚ್ಚಿನಂಶ ಮಳೆ ನಂಬಿದ್ದು, ಹಾಗಾಗಿ ಇದು ಸ್ವಲ್ಪ ಕಡಿಮೆ. ಆದರೆ ಕೃಷಿ ಹೊಂಡ, ಬೋರು ಇದ್ದವರು ಒಂದೆಕರೆ, ಎರಡೆಕರೆ ಪ್ರಯತ್ನ ಮಾಡ್ತಾರೆ. ನಾವೂ ಮಾಡಿದ್ವಿ.

ಎರಡು ವರ್ಷದ ಹಿಂದೆ ರೋಲ್ ತರೋಕೆ ಹೋದಾಗ ಅಂಗಡಿಯಲ್ಲಿ ಎರಡು ನಮೂನೆ ಇದ್ದವು. ಒಂದು ಮಾಮೂಲಿ. ಇನ್ನೊಂದರ ಮೇಲೆ ಹಸಿರು ಎಲೆಯ ಚಿತ್ರ, ‘ಡಿಗ್ರೇಡೆಬಲ್’ ಅಂತ ಬರಹ. ‘ಸುಗ್ಗಿ ಮುಗಿಯೂದ್ರಾಗ ತಾನ ಕರಗಿ ಮಣ್ಣಾಗತೈತಿ, ತೆಗಿಯೂ ತ್ರಾಸ ಇಲ್ಲ’ ಅಂದ್ರು. ಅಪ್ಪ ಹಾಳೆಯನ್ನ ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು. ‘ಕರಗೂದು ಅಂದ್ರ ಬೆಲ್ಲ ಕರಗತೈತಿ, ಉಪ್ಪು ಕರಗತೈತಿ. ಇದು ಹೆಂಗ ಕರಗತೈತೋ?’ ಅಂದರು. ನಾನು ಯೂಟ್ಯೂಬ್‌ನಲ್ಲಿ ನೋಡಿದ್ದು ಹೇಳಿ ಬಾಯಿ ಮುಚ್ಚಿಸಿದೆ. ಬಿಲ್ ಕೂಡ ನಾನೇ ಕೊಟ್ಟೆ, ಯುಪಿಐ ಮಾಡಿ.

ಏನಾಯ್ತು ಹೇಳ್ತೀನಿ. ಮೂರು ತಿಂಗಳಿಗೆ ಹಾಳೆ ಹರಿಯೋಕೆ ಶುರುವಾಯ್ತು. ನಾನು ಖುಷಿಯಾಗಿದ್ದೆ, ಕರಗ್ತಾ ಇದೆ ಅಂತ. ಫೆಬ್ರುವರಿಗೆ ಕಾಯಿ ಬಿಡಿಸಿ ಮುಗಿಯಿತು. ಮೇಲಿನ ಭಾಗ ಹಪ್ಪಳದಂಗೆ ಆಗಿ, ಮುಟ್ಟಿದರೆ ಪುಡಿ. ಎರಡೂ ಅಂಚಿಗೆ ಮಣ್ಣು ಏರಿಸಿದ್ದೆವಲ್ಲ, ಆ ಮಣ್ಣಿನೊಳಗಿನ ಪಟ್ಟಿ ಮಾತ್ರ ಹೊಸದರಂಗೆ, ಇವತ್ತೇ ಅಂಗಡಿಯಿಂದ ತಂದಂಗೆ. ಹರಗಲಿಕ್ಕೆ ಕುಂಟಿ ಹೂಡಿದರೆ ಹತ್ತು ಮಾರು ಹೋಗೋದರಲ್ಲಿ ಕುಡದ ತುಂಬಾ ಪ್ಲಾಸ್ಟಿಕ್ ಸುತ್ತಿಕೊಂಡು, ಎತ್ತು ನಿಂತುಬಿಟ್ಟವು. ಬಿಡಿಸೋದು, ಹೋಗೋದು, ಮತ್ತೆ ಬಿಡಿಸೋದು. ಆಳು ಹಚ್ಚಿ ಆರಿಸಿದ್ವಿ. ಉದ್ದ ಪಟ್ಟಿ ಸಿಕ್ಕವು. ಉಗುರಿನಷ್ಟು ಚೂರುಗಳನ್ನ ಯಾರು ಆರಿಸ್ತಾರೆ?

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಪ್ರತಿ ವರ್ಷ ಬ್ಯಾಸಗ್ಯಾಗ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸ್ತೇವೆ. ಹಿಂಡು ಎರಡು ಮೂರು ರಾತ್ರಿ ಮಲಗಿದರೆ ಅದಕ್ಕಿಂತ ಒಳ್ಳೆ ಗೊಬ್ಬರ ಇಲ್ಲ. ಆ ವರ್ಷ ಕುರಿಯವರು ಬಂದರು, ಹೊಲದ ನಡುವೆ ನಿಂತರು, ಕಾಲಲ್ಲಿ ಮಣ್ಣು ಕೆದರಿದರು, ಒಂದು ಚೂರು ಎತ್ತಿ ಅಪ್ಪನ ಕೈಗೆ ಕೊಟ್ಟರು. ‘ಇದನ್ನ ತಿಂದ್ರ ನಮ್ಮ ಕುರಿ ಹೊಟ್ಟಿ ಉಬ್ಬಿ ಸಾಯ್ತಾವ್ರೀ’ ಅಂದು ಪಕ್ಕದ ಹೊಲಕ್ಕೆ ಹೋದರು. ಅಪ್ಪ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು.

ಆಮೇಲೆ ಕೂತು ಓದಿದೆ. ನಾನು ಓದಿದ್ದು ಬಿ.ಕಾಂ., ಕೆಮಿಸ್ಟ್ರಿಗೂ ನನಗೂ ಹತ್ತನೇ ಕ್ಲಾಸಿಗೇ ಋಣ ಮುಗಿದಿತ್ತು. ಅದಕ್ಕೇ ನನಗೆ ಅರ್ಥ ಆದಂಗೆ ಹೇಳ್ತೀನಿ.

ಪ್ಲಾಸ್ಟಿಕ್ ಅಂದರೆ ಉದ್ದನೆಯ ಹಗ್ಗ. ಜೋಳದ ದಂಟಿನ ನಾರು, ಹತ್ತಿಯ ಎಳೆ, ಇವೂ ಹಗ್ಗಗಳೇ. ಆದರೆ ಹತ್ತಿಯ ಹಗ್ಗದಲ್ಲಿ ಸಣ್ಣ ಸಣ್ಣ ಸಕ್ಕರೆಯ ತುಣುಕುಗಳನ್ನ ಗಂಟು ಹಾಕಿ ಜೋಡಿಸಿದೆ. ಆ ಗಂಟು ಬಿಚ್ಚೋ ಕಲೆ ಮಣ್ಣಿನ ಬ್ಯಾಕ್ಟೀರಿಯಾಕ್ಕೆ, ಬೂಷ್ಟಿಗೆ ಕೋಟ್ಯಂತರ ವರ್ಷದಿಂದ ಗೊತ್ತು. ಪಾಲಿಥೀನ್ ಹಗ್ಗದಲ್ಲಿ ಗಂಟೇ ಇಲ್ಲ. ಇಂಗಾಲಕ್ಕೆ ಇಂಗಾಲ, ಇಂಗಾಲಕ್ಕೆ ಇಂಗಾಲ, ಸಾವಿರಾರು ಸಲ ಅದೇ. ಎಲ್ಲಿ ಹಿಡಿದು ಬಿಚ್ಚಬೇಕು? ಇದು ಪಾಲಿಥೀನ್‌ನ ಗುಣ, ಇದೇ ಅದರ ದೋಷ. ಕಲಘಟಗಿ ಕಡೆಯ ಮಸಾರಿ ಮಣ್ಣಿನಲ್ಲಿ ಕೃಷಿ ಹೊಂಡಕ್ಕೆ ಹಾಳೆ ಹಾಸಿದವರಿಗೆ ಅದು ಕೊಳೆಯಬಾರದು. ಮಲ್ಚಿಂಗ್ ಹಾಸಿದವನಿಗೆ ಆರೇಳು ತಿಂಗಳು ಗಟ್ಟಿ ಇರಬೇಕು, ಆಮೇಲೆ ಮಾಯ ಆಗಬೇಕು. ಒಂದೇ ವಸ್ತುವಿಗೆ ಎರಡು ಬೇರೆ ಬೇರೆ ಆಯುಷ್ಯ. ಅಂದರೆ ನಮಗೆ ಬೇಕಾದದ್ದು ‘ಕೊಳೆಯೋ ಪ್ಲಾಸ್ಟಿಕ್’ ಅಲ್ಲ. ಹೇಳಿದ ದಿನ ಕೊಳೆಯೋ ಪ್ಲಾಸ್ಟಿಕ್.

ಇದು ಹೊಸ ಆಸೆ ಅಲ್ಲ. 1970ರ ದಶಕದಲ್ಲೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಶ್ವವಿದ್ಯಾಲಯದ ಜೆರಾಲ್ಡ್ ಸ್ಕಾಟ್ ಅನ್ನೋ ರಸಾಯನ ವಿಜ್ಞಾನಿ, ಇಸ್ರೇಲಿನ ಡ್ಯಾನ್ ಗಿಲೀಡ್ ಜೊತೆ ಸೇರಿ ಇದನ್ನೇ ಮಾಡಿದರು. ಮಾಡಿದ್ದೂ ಮಲ್ಚಿಂಗ್ ಹಾಳೆಗೇ. ಪಾಲಿಥೀನ್ ಒಳಗೆ ಕಬ್ಬಿಣದ ಒಂದು ಸಂಯುಕ್ತ ಬೆರೆಸಿದರು. ಮೊದಲು ಅದು ಕಾವಲುಗಾರ, ಬಿಸಿಲಿನಿಂದ ಹಾಳೆಯನ್ನ ಕಾಯುತ್ತೆ. ಬಿಸಿಲು ತಿಂದು ತಿಂದು ಆ ಸಂಯುಕ್ತ ಸವೆದ ಮೇಲೆ, ಒಳಗಿನ ಕಬ್ಬಿಣ ಹೊರಗೆ ಬಂದು, ಅದೇ ಕಳ್ಳನಾಗಿ ಹಗ್ಗವನ್ನ ಕತ್ತರಿಸೋಕೆ ಶುರು ಮಾಡುತ್ತೆ. ಎಷ್ಟು ಬೆರೆಸಿದ್ದೀರಿ ಅನ್ನೋದರ ಮೇಲೆ ಎಷ್ಟು ದಿನ ಅನ್ನೋದು ನಿರ್ಧಾರ. ಕಾವಲುಗಾರನಿಗೆ ಸಂಬಳ ಮುಗಿದ ದಿನ ಅವನೇ ಮನೆ ಒಡೆಯೋದು! ನನಗೆ ಓದುವಾಗ ಮಜಾ ಅನ್ನಿಸಿತು.

ಆದರೆ ಈ ಗಡಿಯಾರಕ್ಕೆ ಕೀಲಿ ಕೊಡೋದು ಬಿಸಿಲು. ಮಣ್ಣೊಳಗಿನ ಅಂಚಿಗೆ ಬಿಸಿಲು ಎಲ್ಲಿಂದ ಬರಬೇಕು? ಅಲ್ಲಿ ಗಡಿಯಾರ ನಿಂತೇಬಿಡುತ್ತೆ. ನಮ್ಮ ಹೊಲದಲ್ಲಿ ಆದದ್ದು ತದ್ವತ್ ಇದೇ. ಮೇಲಿನದು ಹಪ್ಪಳ, ಒಳಗಿನದು ಹೊಸದು. ನಾವು ತಂದ ಹಾಳೆಯಲ್ಲಿ ಇಂಥ ಯಾವುದೋ ಲೋಹದ ಲವಣ ಇತ್ತೋ, ಇಲ್ಲಾ ಬಿಸಿಲು ತಡೆಯೋ ಮಸಾಲೆಯನ್ನೇ ಹಾಕದ ಅಗ್ಗದ ಪಾಲಿಥೀನ್ ಮೇಲೆ ಎಲೆ ಚಿತ್ರ ಅಚ್ಚು ಹೊಡೆದಿದ್ದರೋ, ಹೊಲದಲ್ಲಿ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತೆ.

ಕೋಬಾಲ್ಟ್, ಮ್ಯಾಂಗನೀಸ್, ಕಬ್ಬಿಣದ ಲವಣ ಬೆರೆಸಿದ ಈ ಜಾತಿಗೆ ‘ಆಕ್ಸೊ-ಡಿಗ್ರೇಡೆಬಲ್’ ಅಂತಾರೆ. ಯುರೋಪಿಯನ್ ಒಕ್ಕೂಟ 2019ರಲ್ಲಿ ನಿಯಮ ಮಾಡಿ, 2021ರ ಜುಲೈ 3ರಿಂದ ಇದನ್ನ ಮಾರುಕಟ್ಟೆಗೇ ಬಿಡದಂತೆ ನಿಷೇಧಿಸಿತು. ಕಾರಣ ಒಂದೇ: ಚೂರಾಗೋದು ಬೇರೆ, ಕೊಳೆಯೋದು ಬೇರೆ. ಚೂರಾದದ್ದು ಕಣ್ಣಿಗೆ ಕಾಣದಂಗೆ ಆಗುತ್ತೆ ಅಷ್ಟೇ, ಹೋಗೋದಿಲ್ಲ. ನಮ್ಮ ದೇಶದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮಕ್ಕೂ 2024ರ ಮಾರ್ಚ್‌ನಲ್ಲಿ ತಿದ್ದುಪಡಿ ಬಂತು. ಬಯೋಡಿಗ್ರೇಡೆಬಲ್ ಅನ್ನಿಸಿಕೊಳ್ಳಬೇಕಾದರೆ ಮೈಕ್ರೊಪ್ಲಾಸ್ಟಿಕ್ ಉಳಿಸಬಾರದು ಅಂತ ಅದರಲ್ಲಿದೆ. ಆದರೆ ಬರೀ ‘ಡಿಗ್ರೇಡೆಬಲ್’ ಅಂತ ಬರೆದ ರೋಲನ್ನ ನಮ್ಮಂಥವರು ಬಯೋಡಿಗ್ರೇಡೆಬಲ್ ಅಂತಲೇ ಓದಿಕೊಳ್ತೀವಿ. ‘ಬಯೋ’ ಅನ್ನೋ ಎರಡಕ್ಷರ ಇಲ್ಲದೇ ಇದ್ದದ್ದು ನನಗೆ ಹೊಳೆದದ್ದೇ ಕುರಿಯವರು ಹೋದ ಮೇಲೆ.

ಈಗ ನಮ್ಮ ಎರಿ ಮಣ್ಣಿನ ಕಡೆ ಬರ್ರಿ. ಇದು ಎಲ್ಲ ಮಣ್ಣಿನಂಗಲ್ಲ. ನವಲಗುಂದ, ಅಣ್ಣಿಗೇರಿ ಕಡೆ ಏಪ್ರಿಲ್‌ನಲ್ಲಿ ಹೋಗಿ ನೋಡ್ರಿ, ಕೈ ಹೋಗುವಷ್ಟು ಬಿರುಕು. ನಾವು ಸಣ್ಣವರಿದ್ದಾಗ ಅದರಲ್ಲಿ ಬಿದ್ದ ಗೋಲಿ ವಾಪಸ್ ಸಿಕ್ಕಿದ್ದೇ ಇಲ್ಲ. ಒಣಗಿದಾಗ ಬಾಯಿ ಬಿಡುತ್ತೆ, ಮೇಲಿನ ಪುಡಿ ಮಣ್ಣು ಬಿರುಕಿನೊಳಗೆ ಬೀಳುತ್ತೆ. ಮಳೆ ಬಿದ್ದಾಗ ಉಬ್ಬಿ ಬಾಯಿ ಮುಚ್ಚುತ್ತೆ. ವರ್ಷಾ ವರ್ಷಾ ಹೀಗೆ ಮಾಡ್ತಾ, ನಾವು ರಂಟಿ ಹೊಡೆಯದಿದ್ದರೂ, ಅದು ತನ್ನನ್ನ ತಾನೇ ತಿರುವಿ ಹಾಕಿಕೊಳ್ಳುತ್ತೆ. ಮಣ್ಣು ವಿಜ್ಞಾನದವರು ಇದಕ್ಕೆ ‘ವರ್ಟಿಸಾಲ್’ ಅಂತ ಹೆಸರಿಟ್ಟದ್ದೂ ತಿರುಗು ಅನ್ನೋ ಅರ್ಥದ ಲ್ಯಾಟಿನ್ ಪದದಿಂದ.

ಇಂಥ ಮಣ್ಣಿನ ಮೇಲೆ ಚೂರಾಗೋ ಪ್ಲಾಸ್ಟಿಕ್ ಹಾಸಿದರೆ? ಚೂರು ಬಿರುಕಿನೊಳಗೆ ಹೋಗುತ್ತೆ. ಕೆಳಗೆ ಬಿಸಿಲಿಲ್ಲ, ಗಾಳಿಯೂ ಕಡಿಮೆ. ಮೇಲೆ ಬಿದ್ದಿದ್ದರೆ ಆರಿಸಬಹುದಿತ್ತು. ಈಗ ಅದು ಹೊಲದ ಹೊಟ್ಟೆಯಲ್ಲಿ. ಬಿಸಿಲಿನ ಗಡಿಯಾರದ ಪ್ಲಾಸ್ಟಿಕ್‌ಗೆ ನಮ್ಮ ಎರಿ ಹೊಲದಷ್ಟು ತಪ್ಪು ಜಾಗ ಇನ್ನೊಂದಿಲ್ಲ ಅಂತ ನನಗನ್ನಿಸುತ್ತೆ. ಉಳಿದದ್ದು ಮಳೆಗಾಲದಲ್ಲಿ ಬೆಣ್ಣಿಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ. ಬೆಣ್ಣಿಹಳ್ಳ ಬಂದು ಇಳಿದ ಮೇಲೆ ದಂಡೆಯ ಜಾಲಿ ಗಿಡ ನೋಡಿದ್ದೀರಲ್ಲ, ಜಾತ್ರೆಯ ತೋರಣದಂಗೆ ಹಾಳಿ ಜೋತಾಡ್ತಿರ್ತಾವ.

ಹಾಗಾದರೆ ನಿಜವಾಗಿ ಕೊಳೆಯೋ ಹಾಳೆ ಇದೆಯಾ? ಇದೆ. ಹೆಸರು ಪಿಬಿಎಟಿ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1998ರಿಂದ ‘ಇಕೊಫ್ಲೆಕ್ಸ್’ ಹೆಸರಲ್ಲಿ ಮಾರುತ್ತಿದೆ. ಇದು ಪಾಲಿಥೀನ್‌ನಂಗೇ ಮೆತ್ತಗೆ, ಜಗ್ಗುತ್ತೆ. ಆದರೆ ಹಗ್ಗದಲ್ಲಿ ನಡುನಡುವೆ ‘ಎಸ್ಟರ್’ ಅನ್ನೋ ಗಂಟುಗಳಿವೆ. ದನಕ್ಕೆ ಹಾಕೋ ಸರಗಂಟು ಅನ್ಕೊಳ್ರಿ. ಎಳೆದರೆ ಗಟ್ಟಿ, ತುದಿ ಗೊತ್ತಿದ್ದವನು ಜಗ್ಗಿದರೆ ಸರ್ರನೆ ಬಿಚ್ಚುತ್ತೆ. ಆ ತುದಿ ಗೊತ್ತಿರೋದು ನೀರಿಗೆ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳ ಕಿಣ್ವಕ್ಕೆ. ಗಂಟು ಬಿಚ್ಚಿ ತುಣುಕು ಸಣ್ಣದಾದ ಮೇಲೆ ಅವು ಅದನ್ನ ತಿಂದೇಬಿಡ್ತವೆ.

ತಿಂತವೆ ಅಂತ ಹೇಗೆ ಗೊತ್ತು? ನಮ್ಮದೂ ಕಣ್ಣಿಗೆ ಕಾಣದಂಗೆ ಆಗಿತ್ತಲ್ಲ? ಇದೇ ಪ್ರಶ್ನೆ ನನಗೂ ಬಂತು. 2018ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ತಂಡ ಇದಕ್ಕೆ ಉತ್ತರ ಕೊಟ್ಟಿತು. ಪಿಬಿಎಟಿ ಮಾಡುವಾಗಲೇ ಅದರ ಇಂಗಾಲಕ್ಕೆ ಗುರುತು ಹಾಕಿದರು. ಇಂಗಾಲ-13 ಅನ್ನೋ, ಸ್ವಲ್ಪ ತೂಕ ಜಾಸ್ತಿ ಇರೋ ಇಂಗಾಲ. ಕಿವಿಗೆ ಬಿಲ್ಲೆ ಹಾಕಿ ದನ ಬಿಟ್ಟಂಗೆ. ಮಣ್ಣಲ್ಲಿಟ್ಟು ಆಮೇಲೆ ಹುಡುಕಿದರೆ, ಗುರುತಿನ ಇಂಗಾಲ ಹೊರಬಂದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸಿಕ್ಕಿತು, ಹಾಳೆಯ ಮೇಲೆ ಬೆಳೆದಿದ್ದ ಬೂಷ್ಟಿನ ಮೈಯಲ್ಲೂ ಸಿಕ್ಕಿತು. ಹೊಟ್ಟೆಯೊಳಗೆ ಹೋದದ್ದಕ್ಕೆ ಸಾಕ್ಷಿ ಅದು.

ಇದರ ಆಯುಷ್ಯವನ್ನೂ ತಿದ್ದಬಹುದು. ಪಿಬಿಎಟಿಯಲ್ಲಿ ಎರಡು ಥರದ ಆಮ್ಲ ಇರ್ತವೆ. ಟೆರೆಫ್ತಾಲಿಕ್ ಅನ್ನೋದು ಜಾಸ್ತಿಯಾದರೆ ಗಟ್ಟಿ, ನಿಧಾನ. ಅಡಿಪಿಕ್ ಜಾಸ್ತಿಯಾದರೆ ಮೆತ್ತಗೆ, ಬೇಗ. ಹಾಳೆಯ ದಪ್ಪ ಬದಲಿಸಬಹುದು, ಪಿಷ್ಟ ಬೆರೆಸಬಹುದು, ಬಿಸಿಲು ತಡೆಯೋ ಕಪ್ಪು ಹಾಕಬಹುದು. ಒಂದು ಮಾತು ಕಿವಿಯಲ್ಲಿಟ್ಟುಕೊಳ್ರಿ: ಈ ಪಿಬಿಎಟಿ ಹೆಚ್ಚಾಗಿ ಬರೋದು ಪೆಟ್ರೋಲಿಯಂನಿಂದಲೇ. ಬ್ರೆಜಿಲ್‌ನಲ್ಲಿ ಕಬ್ಬಿನಿಂದ ಪಾಲಿಥೀನ್ ಮಾಡ್ತಾರೆ, ಅದು ಕೊಳೆಯೋದೇ ಇಲ್ಲ. ಗಿಡದಿಂದ ಬಂದದ್ದೆಲ್ಲ ಕೊಳೆಯುತ್ತೆ, ಎಣ್ಣೆಯಿಂದ ಬಂದದ್ದೆಲ್ಲ ಕೊಳೆಯಲ್ಲ ಅನ್ನೋದು ನಮ್ಮ ಭ್ರಮೆ. ಗಂಟು ಹೆಂಗೈತಿ ಅನ್ನೂದಷ್ಟ ಲೆಕ್ಕ.

‘ಕಾಂಪೋಸ್ಟೆಬಲ್’ ಅಂತ ಬರೆದ ಚೀಲಗಳೂ ಈಗ ಬರ್ತಾ ಇವೆ, ಐಎಸ್/ಐಎಸ್‌ಒ 17088 ಅಂತ ಇರುತ್ತೆ. ಮೋಸ ಅಲ್ಲ ಅದು. ಆದರೆ ಆ ಪರೀಕ್ಷೆ ನಡೆಯೋದು ಸುಮಾರು 58 ಡಿಗ್ರಿ ಬಿಸಿ ಇರೋ ಕಾಂಪೋಸ್ಟ್‌ನಲ್ಲಿ, ತಿಂಗಳುಗಟ್ಟಲೆ. ಗೋವಿನಜೋಳದ ಪಿಷ್ಟದಿಂದ ಮಾಡೋ ಪಿಎಲ್‌ಎ ಪ್ಲಾಸ್ಟಿಕ್‌ಗೆ ಆ ಬಿಸಿ ಬೇಕೇ ಬೇಕು. ನಮ್ಮ ತಿಪ್ಪಿ ಒಳಗೆ ಕೈ ಹಾಕಿದರೆ ಬಿಸಿ ಹತ್ತುತ್ತೆ ನಿಜ, ಆದರೆ ಅಷ್ಟು ಬಿಸಿ ಅಷ್ಟು ದಿನ ನಿಲ್ಲೋದಿಲ್ಲ. ಹೊಲದ ಮಣ್ಣಂತೂ ದೂರದ ಮಾತು. ಹೊಲಕ್ಕೆ ಹಾಸೋ ಹಾಳೆಗೆ ಕೇಳಬೇಕಾದದ್ದು ಬೇರೆ ಮಾನದಂಡ, ಯುರೋಪಿನ ಇಎನ್ 17033, 2018ರದ್ದು. ಮಣ್ಣಲ್ಲಿ, 20ರಿಂದ 28 ಡಿಗ್ರಿಯಲ್ಲಿ, ಎರಡು ವರ್ಷದೊಳಗೆ 90 ಪರ್ಸೆಂಟ್ ಇಂಗಾಲ ಗಾಳಿಗೆ ಹೋಗಬೇಕು ಅನ್ನುತ್ತೆ ಅದು.

ಎರಡು ವರ್ಷ! ಅಂಗಡಿಯಲ್ಲಿ ‘ಸುಗ್ಗಿ ಮುಗಿಯೂದ್ರಾಗ’ ಅಂದಿದ್ದರು. ಅದೂ ಲ್ಯಾಬಿನ ಎರಡು ವರ್ಷ, ಸದಾ ಹದವಾದ ತೇವದಲ್ಲಿ. ನಮ್ಮ ಮಣ್ಣು ಮಾರ್ಚ್‌ನಿಂದ ಮಳೆ ಬೀಳೋವರೆಗೂ ಕಲ್ಲು. ನೀರಿಲ್ಲದೆ ಗಂಟು ಬಿಚ್ಚೋದಿಲ್ಲ, ಸೂಕ್ಷ್ಮಜೀವಿಗಳೂ ಮಲಗಿರ್ತವೆ. ಹಾಗಾಗಿ ನಮ್ಮ ಕ್ಯಾಲೆಂಡರೇ ಬೇರೆ. ನಮ್ಮ ಎರಿ ಮಣ್ಣಿಗೆ, ನಮ್ಮ ಬ್ಯಾಸಗಿಗೆ ಹೊಂದೋ ಹಾಳೆ ಯಾವುದು, ಎಷ್ಟು ತಿಂಗಳದ್ದು ಅನ್ನೋದನ್ನ ಇಲ್ಲೇ ಹೂತು ನೋಡಬೇಕು. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, 1986ರಿಂದ. ಅಲ್ಲಿ ಓದ್ತಿರೋ ಗೆಳೆಯರು ಇದನ್ನ ಕೇಳ್ತಿದ್ದರೆ, ನಿಮ್ಮ ಥೀಸಿಸ್‌ಗೆ ವಿಷಯ ಕೊಟ್ಟಿದ್ದೇನೆ, ಚಹಾ ಕುಡಿಸ್ರಿ.

ಈಗ ರೊಕ್ಕದ ಮಾತು. ಇಲ್ಲಿ ಮಾತ್ರ ನಾನು ಸ್ವಲ್ಪ ಧೈರ್ಯದಿಂದ ಮಾತಾಡ್ತೀನಿ. ನಿಜವಾಗಿ ಕೊಳೆಯೋ ಹಾಳೆ ಮಾಮೂಲಿ ಹಾಳೆಗಿಂತ ಎರಡು ಮೂರು ಪಟ್ಟು ದುಬಾರಿ. ಯಾವ ರೈತ ತಗೋತಾನೆ? ಆದರೆ ಈ ಹೋಲಿಕೆಯೇ ತಪ್ಪು. ಕಂಪನಿಗಳ ಲೆಕ್ಕಪತ್ರದಲ್ಲಿ ಇಂಡ್ ಎಎಸ್ 16 ಅಂತ ಒಂದು ನಿಯಮ ಇದೆ. ಒಂದು ಯಂತ್ರ ಕೂರಿಸಿದರೆ, ಮುಂದೆ ಅದನ್ನ ಕಿತ್ತು ಜಾಗವನ್ನ ಮೊದಲಿನಂಗೆ ಮಾಡಲೇಬೇಕು ಅನ್ನೋ ಹೊಣೆ ಇದ್ದರೆ, ಆ ಖರ್ಚನ್ನೂ ಇವತ್ತೇ ಅಂದಾಜು ಮಾಡಿ ಯಂತ್ರದ ಬೆಲೆಗೆ ಸೇರಿಸಬೇಕು. ರೈತನ ಬಿಲ್‌ಗೆ ಈ ನಿಯಮ ಇಲ್ಲ. ಸರ್ಕಾರದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ 2014ರ ಮಾರ್ಗಸೂಚಿಯಲ್ಲಿ ಪ್ಲಾಸ್ಟಿಕ್ ಮಲ್ಚಿಂಗ್‌ಗೆ ಹೆಕ್ಟೇರಿಗೆ 32,000 ರೂಪಾಯಿ ಖರ್ಚು ಅಂತ ಹಿಡಿದು ಅರ್ಧ ಸಹಾಯಧನ ಕೊಟ್ಟಿತು, 2 ಹೆಕ್ಟೇರ್‌ವರೆಗೆ. ಹಾಸೋಕೆ ರೊಕ್ಕ ಐತಿ. ಕಿತ್ತು ತೆಗೆಯೋ ಆಳಿನ ಕೂಲಿ, ಕುಂಟಿ ನಿಂತ ದಿನ, ಬರದೇ ಹೋದ ಕುರಿ ಗೊಬ್ಬರ, ಇವಕ್ಕೆ ಯಾವ ಕಾಲಮ್ಮೂ ಇಲ್ಲ. ಅವನ್ನೆಲ್ಲ ಬರೆದು ಕೂಡಿಸಿದರೆ ಅಗ್ಗದ ಹಾಳೆ ಅಷ್ಟೇನೂ ಅಗ್ಗ ಅಲ್ಲ. ನಾನು ನಮ್ಮನೆ ಲೆಕ್ಕ ಹಾಕಿ ಅಪ್ಪನಿಗೆ ತೋರಿಸಿದೆ. ‘ಇದನ್ನ ಮದಲ ಹಾಕಬೇಕಿತ್ತು’ ಅಂದರು.

ಚೀನಾ ಈ ಪೆಟ್ಟು ನಮಗಿಂತ ಮೊದಲು ತಿಂದಿದೆ. ಶಿನ್‌ಜಿಯಾಂಗ್‌ನ ಹತ್ತಿ ಹೊಲಗಳಲ್ಲಿ ಹಾಳೆಯ ಚೂರು ಮಣ್ಣಿಗೆ ಸೇರಿ, ಅದಕ್ಕೆ ‘ಬಿಳಿ ಮಾಲಿನ್ಯ’ ಅಂತಲೇ ಹೆಸರಾಯ್ತು. ಕೊನೆಗೆ 2018ರಿಂದ ಹಾಳೆಯ ಕನಿಷ್ಠ ದಪ್ಪವನ್ನ 8 ಮೈಕ್ರಾನ್‌ನಿಂದ 10ಕ್ಕೆ ಏರಿಸಿದರು. ಕಡಿಮೆ ಪ್ಲಾಸ್ಟಿಕ್ ಅಲ್ಲ, ಜಾಸ್ತಿ ಪ್ಲಾಸ್ಟಿಕ್! ಯಾಕಂದರೆ ದಪ್ಪ ಇದ್ದರೆ ಹರಿಯದೆ ಸುತ್ತಿ ತೆಗೆಯೋಕೆ ಬರುತ್ತೆ. ನನಗೆ ಇದರಿಂದ ತಿಳಿದದ್ದು, ದಾರಿ ಎರಡೇ. ಒಂದೋ ಇಡಿಯಾಗಿ ಕಿತ್ತು ತರುವಷ್ಟು ಗಟ್ಟಿ ಇರಲಿ, ಇಲ್ಲವೋ ಪೂರ್ತಿ ಕೊಳೆಯಲಿ. ನಡುವಿನದ್ದು, ಅರ್ಧ ಹರಿದು ಅರ್ಧ ಉಳಿಯೋದು, ಎಲ್ಲಕ್ಕಿಂತ ಕೆಟ್ಟದ್ದು. ನಾನು ಕೊಡಿಸಿದ್ದು ಅದನ್ನೇ.

ಲ್ಯಾಬುಗಳಲ್ಲಿ ಮಾತ್ರ ಭಾರೀ ಭಾರೀ ಕೆಲಸ ನಡೀತಿದೆ. 2021ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಟಿಂಗ್ ಷು ಅನ್ನೋರ ತಂಡ, ತಿನ್ನೋ ಕಿಣ್ವವನ್ನೇ ಪ್ಲಾಸ್ಟಿಕ್ ಒಳಗೆ ಹುದುಗಿಸಿಟ್ಟಿತು. ಬೆಚ್ಚಗೆ, ಒದ್ದೆಯಾಗಿ ಇಟ್ಟರೆ ಒಳಗಿಂದಲೇ ತಿನ್ನೋಕೆ ಶುರು, ದಿನಗಳಲ್ಲಿ ಖಾಲಿ. 2024ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯ ತಕುಝೊ ಐಡಾ ತಂಡ ಉಪ್ಪು ನೀರಲ್ಲಿ ಬಿಚ್ಚಿಕೊಳ್ಳೋ ಪ್ಲಾಸ್ಟಿಕ್ ಮಾಡಿತು. ಅದನ್ನ ಮಣ್ಣಲ್ಲಿಟ್ಟರೆ ರಂಜಕ, ಸಾರಜನಕ ಉಳಿಸಿ ಹೋಗುತ್ತಂತೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸೂರ್ಯಸಾರಥಿ ಬೋಸ್ ಅವರ ತಂಡ ಔಡಲ ಎಣ್ಣೆ ಮತ್ತು ಬೆಳೆಯ ಕಸದ ಸೆಲ್ಯುಲೋಸ್ ಸೇರಿಸಿ ಕೊಳೆಯೋ ಹಾಳೆ ಮಾಡಿದೆ. ಔಡಲ ನಮ್ಮ ವಡ್ಡಿನ ಮೇಲೆ ಬೆಳೀತದೆ, ಹತ್ತಿ ಕಟಿಗಿ ನಾವು ಒಲೆಗೆ ಹಾಕ್ತೀವಿ. ಆ ಸುದ್ದಿ ಓದಿದ ದಿನ ಅಪ್ಪನಿಗೆ ಫೋನ್ ಮಾಡಿದ್ದೆ. ‘ಅಂಗಡಿಗೆ ಬಂದಾಗ ಹೇಳು’ ಅಂದು ಇಟ್ಟರು.

ಹೋದ ಮುಂಗಾರಿಗೆ ನಾನೊಂದು ಕೆಲಸ ಮಾಡಿದೆ. ಸ್ವಿಟ್ಜರ್ಲೆಂಡಿನಲ್ಲಿ 2021ರಲ್ಲಿ ಸಾವಿರ ಜನಕ್ಕೆ ತಲಾ ಎರಡು ಹತ್ತಿ ಚಡ್ಡಿ ಕೊಟ್ಟು ಹೊಲದಲ್ಲಿ, ತೋಟದಲ್ಲಿ ಹೂಳಿಸಿದ್ದರು. ನಗಬ್ಯಾಡ್ರಿ, ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆಯೇ ಮಾಡಿಸಿದ್ದು. ಚಡ್ಡಿ ಬೇಗ ಕೊಳೆತರೆ ಮಣ್ಣಿಗೆ ಜೀವ ಇದೆ ಅಂತ. ನಾನು ಚಡ್ಡಿ ಹೂಳಲಿಲ್ಲ, ಊರಲ್ಲಿ ಮರ್ಯಾದೆ ಪ್ರಶ್ನೆ. ಉಳ್ಳಾಗಡ್ಡಿ ಬಲೆ ಚೀಲದ ತುಂಡಿನಲ್ಲಿ ಮೂರು ಪೊಟ್ಟಣ ಕಟ್ಟಿದೆ. ಒಂದರಲ್ಲಿ ಹಳೆ ಹತ್ತಿ ಧೋತರದ ತುಂಡು, ಒಂದರಲ್ಲಿ ನಾವು ಹಾಸಿದ್ದ ಆ ಹಾಳೆ, ಒಂದರಲ್ಲಿ ಕಾಂಪೋಸ್ಟೆಬಲ್ ಚೀಲದ ತುಂಡು. ಎಲ್ಲಾ ಅಂಗೈ ಅಳತೆ, ಗೇಣು ಆಳ, ವಡ್ಡಿನ ಪಕ್ಕ. ತಿಂಗಳಿಗೊಮ್ಮೆ ತೆಗೆದು ನೋಡಬಾರದು, ಹಾಗೇ ಬಿಡಬೇಕು. ಎಳ್ಳ ಅಮವಾಸಿಗೆ ಚರಗ ಚೆಲ್ಲಾಕ ಮನೆಮಂದಿಯೆಲ್ಲ ಹೊಲಕ್ಕೆ ಹೋಗ್ತೀವಲ್ಲ, ಅವತ್ತು ತೆಗೀತೀನಿ. ಫೋಟೊ ಹಾಕ್ತೀನಿ, ಏನೇ ಇರಲಿ. ನಿಮ್ಮ ಹೊಲದಾಗೂ ಹೂಳ್ರಿ, ಜಾಗದ ಗುರುತು ಮಾತ್ರ ಮರೀಬ್ಯಾಡ್ರಿ.

ನಾನು ಗುರುತಿಗೆ ಒಂದು ತೊಗರಿ ಕಟಿಗಿ ನೆಟ್ಟಿದ್ದೆ. ಅಪ್ಪ ಬಂದು ನೋಡಿ, ಅದನ್ನ ಕಿತ್ತೊಗೆದು, ಜಾಲಿ ಗೂಟ ತಂದು ಕಲ್ಲಿನಿಂದ ಬಡಿದು ನಿಲ್ಲಿಸಿದರು. ‘ಎತ್ತು ಮೈ ತಿಕ್ಕಿದ್ರ ನಿನ್ನ ಕಟಿಗಿ ನಿಲ್ಲತಿತ್ತೇನು’ ಅಂದರು.